ತಾಳಗುಪ್ಪದ ಗೂಡ್ಸ್ ಡಬ್ಬಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ, ಮಕ್ಕಳಿಗೆ ಪ್ರೇರಣೆ ಆಗ್ತದೆ" ಎಂದರು. ನನ್ನ ಹವ್ಯಾಸ ಏನೆಂದರೆ ಹಳೆಯ ಗೂಡ್ಸ್ ರೈಲಿನ ಡಬ್ಬಿಗಳ ಅಳತೆ, ವಿವರ ಹುಡುಕುವುದು, ಅವುಗಳ ಮಾದರಿ ಮಾಡುವುದು. ಅದನ್ನು ಹೇಳಿದ ಕೂಡಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅವರ ತಪ್ಪಲ್ಲ. ಸಿದ್ದಾಪುರಕ್ಕೆ ಇವತ್ತಿಗೂ ರೈಲು ಬಂದಿಲ್ಲ. ರೈಲೇ ಇಲ್ಲದ ಊರಲ್ಲಿ ಹುಟ್ಟಿದವನು ರೈಲಿನ ಬಗ್ಗೆ, ಅದರಲ್ಲೂ ಯಾರೂ ತಿರುಗಿ ನೋಡದ ಗೂಡ್ಸ್ ಡಬ್ಬಿಯ ಬಗ್ಗೆ ಭಾಷಣ ಮಾಡುವುದೆಂದರೆ ಯಾರಿಗೂ ನಗು ಬರಬೇಕು. ಆದರೆ ಈ ಹವ್ಯಾಸಕ್ಕೂ ನಮ್ಮ ಶಾಲೆಗೂ ಒಂದು ಸಂಬಂಧ ಇದೆ. ಅದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ನಮಗೆ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ. ಬೀರೂರಿನಿಂದ ಶಿವಮೊಗ್ಗದವರೆಗೆ 1899ರಲ್ಲೇ ರೈಲು ಬಂದಿತ್ತು. ಮುಂದೆ ಮೂವತ್ತರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯವರು ಹಳಿಯನ್ನು ಹಂತ ಹಂತವಾಗಿ ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಮುಂದಕ್ಕೆ ತಂದರು. 1940ರಲ್ಲಿ ಅದು ತಾಳಗುಪ್ಪ ಮುಟ್ಟಿತು. ಅಲ್ಲಿಗೆ ನಿಂತಿತು. ಮಕ್ಕಳೆ, ನಕಾಶೆ ತೆಗೆದು ನೋಡಿ. ಆಗ ತಾಳಗುಪ್ಪ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ, ನಮ್ಮ ಸಿದ್ದಾಪುರ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಮೈಸೂರಿನ ರೈಲು ಮೈಸೂರಿನ ಗಡಿಯ ಹತ್ತಿರ ಬಂದು ನಿಂತಿತು. 1956ರ ನವೆಂಬರ್ 1ಕ್ಕೆ ಗಡಿ ಅಳಿಸಿಹೋಯಿತು, ನಾವೆಲ್ಲ ಒಂದೇ ರಾಜ್ಯ ಆದೆವು. ಹಳಿ ಮಾತ್ರ ನಿಂತಲ್ಲೇ ನಿಂತಿದೆ.

ಆ ಹಳಿ ಮೀಟರ್ ಗೇಜಿನದು. ಎರಡು ಕಂಬಿಗಳ ನಡುವೆ ಸರಿಯಾಗಿ ಒಂದು ಮೀಟರ್, ಅಂದರೆ 1000 ಮಿ.ಮೀ. ಈಗ ತಾಳಗುಪ್ಪಕ್ಕೆ ಬರುವ ಬ್ರಾಡ್ ಗೇಜ್ ಹಳಿಯ ಅಗಲ 1676 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಆದ್ದರಿಂದ ಎರಡು ಗೇಜು ಕೂಡುವ ಜಂಕ್ಷನ್ನುಗಳಲ್ಲಿ ಒಂದು ಡಬ್ಬಿಯ ಮೂಟೆಯನ್ನೆಲ್ಲ ಹಮಾಲರು ಹೊತ್ತು ಇನ್ನೊಂದಕ್ಕೆ ತುಂಬಬೇಕಿತ್ತು. ಆದರೆ ಆ ಕಾಲದಲ್ಲಿ ಮೀಟರ್ ಗೇಜಿನ ಜಾಲ ದೊಡ್ಡದಿತ್ತು. ಹುಬ್ಬಳ್ಳಿ, ಬೆಂಗಳೂರು ಮಾತ್ರವಲ್ಲ, ಸಿಕಂದರಾಬಾದ್, ಖಂಡ್ವಾ ಮೂಲಕ ರಾಜಸ್ಥಾನದ ಅಜ್ಮೇರಿನವರೆಗೂ ಒಂದೇ ಅಗಲದ ಹಳಿ ಹೋಗುತ್ತಿತ್ತು. ತಾಳಗುಪ್ಪದಲ್ಲಿ ಬಾಗಿಲು ಮುಚ್ಚಿ ಸೀಲು ಹಾಕಿದ ಡಬ್ಬಿ ಅಷ್ಟು ದೂರ ಹೋಗುವ ಸಾಧ್ಯತೆ ಇತ್ತು.

1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಮಾರ್ಗ ಬ್ರಾಡ್ ಗೇಜ್ ಆಯಿತು. ಶಿವಮೊಗ್ಗದಿಂದ ಈಚೆಗಿನ ನಮ್ಮ ತುಂಡು ಮಾತ್ರ ಮೀಟರ್ ಗೇಜಾಗಿ ಒಂಟಿಯಾಗಿ ಉಳಿಯಿತು. ಆ ಹಳಿಯ ಮೇಲೆ ಬಸ್ಸಿನ ಹಾಗೇ ಕಾಣುವ ರೈಲು ಬಸ್ ಓಡಿದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಕೊನೆಗೆ 2011ರಲ್ಲಿ ತಾಳಗುಪ್ಪಕ್ಕೂ ಬ್ರಾಡ್ ಗೇಜ್ ಬಂತು.

ಆ ವರ್ಷ ನಾನು ಬೆಂಗಳೂರಿನಿಂದ ಮೊದಲ ಸಲ ರೈಲಿನಲ್ಲೇ ತಾಳಗುಪ್ಪಕ್ಕೆ ಬಂದಿಳಿದೆ. ಸಂತೋಷವಾಯಿತು. ಹಳೆಯದೇನಾದರೂ ಉಳಿದಿದೆಯೇ ಎಂದು ಸುತ್ತ ನೋಡಿದೆ. ನಾನು ಹುಡುಗನಾಗಿದ್ದಾಗ ನೋಡಿದ ಗೂಡ್ಸ್ ಡಬ್ಬಿಗಳಲ್ಲಿ ಒಂದೂ ಇರಲಿಲ್ಲ. ಉಗಿ ಎಂಜಿನ್ನುಗಳನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಬಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಅರಸಾಳು ನಿಲ್ದಾಣದಲ್ಲಿ ಈಗ ಒಂದು ಸಂಗ್ರಹಾಲಯವೇ ಆಗಿದೆ. ಒಳ್ಳೆಯದು. ಆದರೆ ಎಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಸಾವಿರ ಜನ, ಗೂಡ್ಸ್ ಡಬ್ಬಿಯ ಮುಂದೆ ನಿಂತು ತೆಗೆಸಿಕೊಂಡವರು ಎಷ್ಟು ಜನ? ಡಬ್ಬಿ ಹಳೆಯದಾದರೆ ಗುಜರಿಗೆ ಹೋಗುತ್ತದೆ. ಅದರ ಜೊತೆ ಅದನ್ನು ತುಂಬಿದವರ ಲೆಕ್ಕವೂ ಹೋಗುತ್ತದೆ.

ನಾನು ಡಿಪ್ಲೊಮಾ ಓದಿ, ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದವನು. ಅಳತೆ ನನ್ನ ಕಸುಬು. ಒಂದು ಡಬ್ಬಿಯ ಮಾದರಿ ಮಾಡಿಯೇ ಬಿಡುವ ಎಂದು ಹೊರಟೆ. ಪರದೇಶಗಳಲ್ಲಿ ಇದು ಬಹಳ ಜನರ ಹವ್ಯಾಸ. ಅಮೆರಿಕದಲ್ಲಂತೂ ರೈಲು ಡಬ್ಬಿಯ ಒಂದೊಂದು ಭಾಗಕ್ಕೂ ಹೆಸರು, ಚಿತ್ರ ಕೊಡುವ 'ಕಾರ್ ಬಿಲ್ಡರ್ಸ್ ಡಿಕ್ಷನರಿ' ಎಂಬ ನಿಘಂಟು 1879ರಲ್ಲೇ ಅಚ್ಚಾಗಿದೆ. ಅಲ್ಲಿಯ ಹವ್ಯಾಸಿಗಳು ಹಳೆಯ ನಕ್ಷೆ, ಫೋಟೋ ಹುಡುಕಿ, ಇಂಥ ಕಂಪನಿಯ ಇಂಥ ಡಬ್ಬಿಗೆ ಇಂಥ ವರ್ಷ ಯಾವ ಬಣ್ಣ ಇತ್ತು, ಏಣಿಗೆ ಎಷ್ಟು ಮೆಟ್ಟಿಲು ಇತ್ತು ಎಂದು ವರ್ಷಗಟ್ಟಲೆ ಚರ್ಚೆ ಮಾಡುತ್ತಾರೆ. ಸಾಮಾನ್ಯವಾಗಿ ಅವರು 87 ಪಾಲು ಚಿಕ್ಕದಾಗಿ ಮಾಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮೀಟರ್ ಗೇಜು ಬರೀ ಹನ್ನೊಂದೂವರೆ ಮಿ.ಮೀ. ಆಗುತ್ತದೆ. ನನ್ನ ಕಣ್ಣಿಗೆ ಅದು ಆಗದ ಕೆಲಸ. ನಾನು 25ರಲ್ಲಿ ಒಂದು ಪಾಲು ಎಂದು ಇಟ್ಟುಕೊಂಡೆ. ಆಗ ಒಂದು ಮೀಟರ್ ಅಂದರೆ 4 ಸೆಂಟಿಮೀಟರ್. ಲೆಕ್ಕ ಬಾಯಲ್ಲೇ ಆಗುತ್ತದೆ.

ಮೊದಲ ಮಾದರಿಯನ್ನು ಒಂದು ಅಮೆರಿಕದ ಪುಸ್ತಕ ನೋಡಿಯೇ ಮಾಡಿದೆ. ಗೂಡ್ಸ್ ಡಬ್ಬಿ ಎಲ್ಲಿಯದಾದರೇನು, ನಾಲ್ಕು ಗೋಡೆ, ಒಂದು ಮಾಡು, ಒಂದು ಬಾಗಿಲು ಎಂದು ತಿಳಿದಿದ್ದೆ. ಪ್ಲೈವುಡ್ಡಿನ ಒಡಲು, ಎಣ್ಣೆ ಡಬ್ಬದ ತಗಡಿನ ಹೊದಿಕೆ, ಪಕ್ಕಕ್ಕೆ ಜಾರುವ ಬಾಗಿಲು. ಬಹಳ ಚೆಂದ ಬಂತು. ಊರಿಗೆ ಬಂದವನು ಅದನ್ನು ಅಪ್ಪನ ಕೈಗೆ ಕೊಟ್ಟೆ.

ಅಪ್ಪನಿಗೆ ಆಗಲೇ ಕಣ್ಣು ಪೂರ್ತಿ ಮಂಜಾಗಿತ್ತು. ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಸವರಿ ನೋಡಿದರು. ಬಾಗಿಲ ಹತ್ತಿರ ಬೆರಳು ನಿಂತಿತು.

"ಇದು ನಮ್ ಡಬ್ಬಿ ಅಲ್ಲ ತಮಾ" ಅಂದರು.

"ಯಾಕಪ್ಪ?"

"ನಮ್ ಡಬ್ಬಿ ಬಾಗ್ಲು ಜಾರ್ತಿರ್ಲಿಲ್ಲ. ಎರಡು ಕದ. ಹೊರಗೆ ತೆರೀತಿತ್ತು. ಮೇಲಿಂದ ಅಡ್ಡ ಪಟ್ಟಿ ಬೀಳ್ತಿತ್ತು. ಆ ಪಟ್ಟಿನೇ ನೋಡು ಇದನ್ನ ತಿಂದಿದ್ದು."

ಎಂದು ಎಡಗೈ ಎತ್ತಿದರು. ಅವರ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಿಂದ ನೋಡಿದ ಬೆರಳು ಅದು. ಕತ್ತಿ ತಾಗಿ ಹಾಗಾಯಿತು ಎಂದು ನಾನು ಅಲ್ಲಿಯವರೆಗೂ ತಿಳಿದುಕೊಂಡಿದ್ದೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನನ್ನ ಅಪ್ಪ ಹಮಾಲರಾಗಿದ್ದರು. ಸಿದ್ದಾಪುರದಿಂದ ಹೊರಡುವ ಲಾರಿಯ ಮೇಲೆ ಕೂತು ಹೋಗಿ, ತಾಳಗುಪ್ಪದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸಿ, ಡಬ್ಬಿಗೆ ತುಂಬಿ, ಬರುವಾಗ ಗೊಬ್ಬರವೋ ಸಕ್ಕರೆಯೋ ಇದ್ದರೆ ಲಾರಿಗೆ ಏರಿಸಿ ಬರುತ್ತಿದ್ದರು. ಅಡಿಕೆ ಮೂಟೆ 65–70 ಕಿಲೋ ಇರುತ್ತಿತ್ತು ಎನ್ನುತ್ತಿದ್ದರು. ನಮಗೆ ಹೊಲ ಗದ್ದೆ ಏನೂ ಇರಲಿಲ್ಲ.

ಆ ದಿನದಿಂದ ನನ್ನ ಹವ್ಯಾಸ ನಿಜವಾದ ಹುಡುಕಾಟ ಆಯಿತು. ಪುಸ್ತಕ ಮುಚ್ಚಿಟ್ಟು, ಅಪ್ಪ ತುಂಬಿದಂಥ ಡಬ್ಬಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಲು ಶುರುಮಾಡಿದೆ. ರಜೆ ಸಿಕ್ಕಾಗಲೆಲ್ಲ ಹಳೆಯ ಮೀಟರ್ ಗೇಜ್ ಮಾರ್ಗದ ಊರುಗಳನ್ನು ಸುತ್ತಿದೆ. ಹಿಂದೆ ರೈಲ್ವೆಯವರು ಚಕ್ರ ತೆಗೆದ ಹಳೆಯ ಡಬ್ಬಿಯನ್ನು ನೆಲದ ಮೇಲಿಟ್ಟು ಸಾಮಾನಿನ ಕೋಣೆ ಮಾಡಿಕೊಳ್ಳುವುದಿತ್ತು. ಅಂಥದ್ದೇ ಒಂದು, ಅರ್ಧ ತುಕ್ಕು ತಿಂದದ್ದು, ಬೀರೂರಿನ ಕಡೆ ಸಿಕ್ಕಿತು. ಎರಡು ಕದ, ಹೊರಗೆ ತೆರೆಯುವಂಥದ್ದು. ಮೇಲೆ ಅಡ್ಡ ಪಟ್ಟಿ. ಅಪ್ಪ ಹೇಳಿದ ಹಾಗೇ.

ಅಲ್ಲಿ ಟೇಪು ಹಿಡಿದು ಎರಡು ದಿನ ಕೂತೆ. ಮಕ್ಕಳೆ, ಒಂದು ವಸ್ತುವನ್ನು ನೋಡುವುದು ಬೇರೆ, ಅಳೆಯುವುದು ಬೇರೆ. ನೋಡಿದಾಗ ಅದು ಬರೀ ಒಂದು ಪೆಟ್ಟಿಗೆ. ಅಳೆಯಲು ಕೂತಾಗ, ರಿವೆಟ್ಟುಗಳ ಸಾಲು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಇರುವುದು ಕಾಣಿಸಿತು. ಯಾಕೆಂದರೆ ಒಳಗಿನ ಕಂಬ ಎಲ್ಲಿದೆಯೋ ಅಲ್ಲಿ ಒತ್ತಾಗಿ ಹೊಡೆದಿದ್ದಾರೆ. ಒಂದು ಮೂಲೆಯಲ್ಲಿ ತಗಡಿನ ತೇಪೆ ಇತ್ತು, ಅದರ ರಿವೆಟ್ಟು ಬೇರೆ ದಪ್ಪದ್ದು. ಯಾವುದೋ ಕಾಲದಲ್ಲಿ, ಯಾವುದೋ ವರ್ಕ್‌ಶಾಪಿನಲ್ಲಿ, ಯಾರೋ ಒಬ್ಬ ಅದನ್ನು ರಿಪೇರಿ ಮಾಡಿದ್ದಾನೆ. ಬಾಗಿಲ ಪಕ್ಕ ಚೀಟಿ ಸಿಕ್ಕಿಸುವ ಸಣ್ಣ ಚೌಕಟ್ಟು ಇತ್ತು. ಡಬ್ಬಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಬರೆದ ಚೀಟಿ ಅಲ್ಲಿರುತ್ತಿತ್ತು. ಹೊಸಿಲಿನ ಕಬ್ಬಿಣ ನಡುವೆ ತಗ್ಗಾಗಿ ಸವೆದಿತ್ತು. ದೇವಸ್ಥಾನದ ಹೊಸಿಲು ಸವೆಯುವ ಹಾಗೆ.

ರಾತ್ರಿ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಬಣ್ಣದ ಕೆಳಗಿನ ಹಳೆಯ ಅಕ್ಷರಗಳ ಅಂಚು ಕಾಣಿಸುತ್ತದೆ. ಈ ಉಪಾಯ ಯಾರಾದರೂ ಮಾಡಬಹುದು, ಖರ್ಚಿಲ್ಲ. ಹಾಗೆ ನೋಡಿದಾಗ ಇಂಗ್ಲಿಷಿನ ಎಂ, ಸಿ ಎರಡು ಅಕ್ಷರ ಕಂಡವು. ಎಂ ಅಂದರೆ ಮೀಟರ್ ಗೇಜ್, ಸಿ ಅಂದರೆ ಮುಚ್ಚಿದ ಡಬ್ಬಿ. ಉದ್ದದ ಎಂಟು ಚಕ್ರದ ಡಬ್ಬಿಯಾಗಿದ್ದರೆ ನಡುವೆ ಬಿ ಇರುತ್ತಿತ್ತು. ಇದು ನಾಲ್ಕು ಚಕ್ರದ ಚಿಕ್ಕ ಡಬ್ಬಿ. ಕೆಳಗೆ ನಂಬರಿನ ಮೊದಲ ಎರಡು ಅಂಕಿ ಇತ್ತು. ಉಳಿದದ್ದು ತುಕ್ಕಿನಲ್ಲಿ ಉದುರಿಹೋಗಿತ್ತು.

ಒಡಲು ಸಿಕ್ಕಿತು, ಚಕ್ರ ಇರಲಿಲ್ಲ. ಚಕ್ರ, ಪಟ್ಟಿ ಸ್ಪ್ರಿಂಗು, ಎರಡು ಡಬ್ಬಿ ಜೋಡಿಸುವ ಕೊಕ್ಕೆ ಇವನ್ನೆಲ್ಲ ಬೇರೆ ಬೇರೆ ಕಡೆ ಉಳಿದ ಮೀಟರ್ ಗೇಜ್ ಗಾಡಿಗಳಿಂದ ನೋಡಿ ಬರೆದುಕೊಂಡೆ. ಹಳೆಯ ಬ್ರಾಡ್ ಗೇಜ್ ಡಬ್ಬಿಗೆ ಎರಡು ಪಕ್ಕದಲ್ಲೂ ಬಫರ್ ಇರುತ್ತಿತ್ತು. ಮೀಟರ್ ಗೇಜಿಗೆ ನಡುವೆ ಒಂದೇ ಬಫರು, ಕೊಕ್ಕೆಯೂ ಅದರಲ್ಲೇ. ಇದನ್ನು ಕೂಡ ಅಪ್ಪನೇ ಮೊದಲು ಹೇಳಿದ್ದರು. "ಮೂಗಿನ ಹಾಂಗೆ ಒಂದೇ ಇತ್ತು" ಎಂದು.

ಹಾಗೆಂದು ಅಪ್ಪ ಹೇಳಿದ್ದೆಲ್ಲ ಸರಿ ಎಂದಲ್ಲ. ಡಬ್ಬಿ ಕಪ್ಪು ಬಣ್ಣದ್ದು ಎಂದು ಅವರು ಖಂಡಿತವಾಗಿ ಹೇಳುತ್ತಿದ್ದರು. ನಾನು ನೋಡಿದ ಡಬ್ಬಿಯಲ್ಲಿ ಬಣ್ಣದ ಪದರ ಕೆರೆದಷ್ಟೂ ಕೆಮ್ಮಣ್ಣಿನ ಬಣ್ಣವೇ ಸಿಕ್ಕಿತು. ಉಗಿ ಎಂಜಿನ್ನಿನ ಮಸಿ ಕೂತು ಅವರ ಕಣ್ಣಿಗೆ ಕಪ್ಪಾಗಿ ಕಂಡಿರಬೇಕು. ಬಾಗಿಲು ಎರಡಾಳು ಎತ್ತರ ಇತ್ತು ಎನ್ನುತ್ತಿದ್ದರು. ಅಳೆದರೆ ಅಷ್ಟಿಲ್ಲ. ನೆಲದ ಮೇಲೆ ನಿಂತು, ಹೆಗಲ ಮೇಲೆ ಮೂಟೆ ಇಟ್ಟುಕೊಂಡು ಕತ್ತೆತ್ತಿ ನೋಡಿದವರಿಗೆ ಅದು ಎರಡಾಳು ಎತ್ತರವೇ. ವಸ್ತು, ಕಾಗದ, ಮನುಷ್ಯನ ನೆನಪು, ಈ ಮೂರರಲ್ಲಿ ಒಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. ನಾನು ಈ ಹವ್ಯಾಸದಲ್ಲಿ ಕಲಿತ ಪಾಠ ಇಷ್ಟೇ.

ಎರಡನೆಯ ಮಾದರಿ ಮಾಡಲು ಹದಿನಾಲ್ಕು ತಿಂಗಳು ಹಿಡಿಯಿತು. ರಿವೆಟ್ಟುಗಳನ್ನು ಹೇಗೆ ಮಾಡಿದಿರಿ ಎಂದು ಎಲ್ಲರೂ ಕೇಳುತ್ತಾರೆ. ತೆಳು ತಗಡನ್ನು ಹಳೆಯ ಸೈಕಲ್ ಟ್ಯೂಬಿನ ತುಂಡಿನ ಮೇಲೆ ಮಗುಚಿಟ್ಟು, ಕೈವಾರದ ಮೊಳೆಯನ್ನು ಸ್ವಲ್ಪ ಮೊಂಡು ಮಾಡಿಕೊಂಡು, ಹಿಂದಿನಿಂದ ಒಂದೊಂದೇ ಒತ್ತಬೇಕು. ಮುಂದೆ ಸಣ್ಣ ಗುಬ್ಬಿ ಏಳುತ್ತದೆ. ಕೈವಾರ ಇದೇ ಶಾಲೆಯಲ್ಲಿ ಓದುವಾಗ ಕೊಂಡ ಜಾಮಿಟ್ರಿ ಪೆಟ್ಟಿಗೆಯದು. ಗಣಿತದ ಗುರುಗಳು ಇಲ್ಲೇ ಇದ್ದಾರೆ. ಸಾರ್, ಆ ಕೈವಾರ ಕೊನೆಗೂ ಉಪಯೋಗಕ್ಕೆ ಬಂತು.

ಅದನ್ನು ಅಪ್ಪನ ತೊಡೆಯ ಮೇಲಿಟ್ಟಾಗ ಅವರಿಗೆ ಎಂಬತ್ತು ದಾಟಿತ್ತು. ಮತ್ತೆ ಸವರಿದರು. ಕದ ತೆರೆದರು, ಮುಚ್ಚಿದರು. ಅಡ್ಡ ಪಟ್ಟಿಯನ್ನು ಉಗುರಿನಿಂದ ಎತ್ತಿ ಬೀಳಿಸಿದರು. ಟಕ್ ಎಂದಿತು. ಅವರ ಕೈ ಹಿಂದಕ್ಕೆ ಸರಿಯಿತು. ಆಮೇಲೆ ನಕ್ಕರು. "ಹ್ಞಾ, ಇದು" ಎಂದರು. ಅಷ್ಟೇ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ. ಮಾರನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಎಂಟನೇ ತರಗತಿಗೆ ಸೇರಲು ನಾನು ಇಲ್ಲಿಗೆ ಬಂದ ದಿನ ಅಪ್ಪನಿಗೆ ಲೋಡು ಇತ್ತು, ಬರಲಾಗಲಿಲ್ಲ. ಮಾವನ ಜೊತೆ ಬಂದಿದ್ದೆ. ದಾಖಲಾತಿ ಪುಸ್ತಕ ಬರೆಯುತ್ತಿದ್ದ ಗುರುಗಳು ಒಂದೊಂದೇ ಕೇಳುತ್ತ ಬಂದರು. ಹೆಸರು, ಊರು, ಹುಟ್ಟಿದ ತಾರೀಕು. "ಅಪ್ಪ ಏನ್ ಮಾಡ್ತಾರೆ?" ನನ್ನ ಹಿಂದೆ ಸಾಲಿನಲ್ಲಿ ತೋಟದ ಮನೆಯ ಹುಡುಗರು ನಿಂತಿದ್ದರು. ಅವರ ಮನೆಯ ಅಡಿಕೆ ಮೂಟೆಯನ್ನೇ ಅಪ್ಪ ಹೊರುತ್ತಿದ್ದದ್ದು. ನಾನು ತಟ್ಟನೆ "ಕೃಷಿ" ಎಂದೆ. ಮಾವ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಗುರುಗಳು ಬರೆದುಕೊಂಡರು.

ಆ ಹುಡುಗರಲ್ಲಿ ಇಬ್ಬರು ಇವತ್ತು ಈ ಸಭೆಯಲ್ಲಿ ಇದ್ದಾರೆ. ನನ್ನ ಜೀವದ ಗೆಳೆಯರು. ಅವರು ಯಾವತ್ತೂ ನನ್ನನ್ನು ಕೀಳಾಗಿ ನೋಡಿದವರಲ್ಲ. ನಾಚಿಕೆ ನನ್ನದು, ನಾನೇ ಕಟ್ಟಿಕೊಂಡದ್ದು. ಮೂರು ವರ್ಷ ಅಪ್ಪ ಶಾಲೆಯ ಹತ್ತಿರ ಬರದ ಹಾಗೆ ನೋಡಿಕೊಂಡೆ. ಅವರಿಗೆ ಗೊತ್ತಾಗಿರಲಿಲ್ಲ ಎಂದು ಈಗ ನಾನು ನಂಬುವುದಿಲ್ಲ. ಬೆರಳು ಯಾಕೆ ಸೊಟ್ಟಗಾಯಿತು ಎಂದು ಮಗ ಕೇಳದಿದ್ದರೆ, ಅಪ್ಪ ತಾನಾಗಿ ಯಾಕೆ ಹೇಳಬೇಕು?

ಒಂದು ರಿವೆಟ್ಟು ಇದ್ದ ಜಾಗದಲ್ಲಿ ಇಲ್ಲದಿದ್ದರೆ ಇಡೀ ತಗಡು ಕಿತ್ತು ಮತ್ತೆ ಮಾಡಿದವನು ನಾನು. ಬಣ್ಣ ಕಪ್ಪೋ ಕೆಂಪೋ ಎಂದು ನಾಲ್ಕು ಊರು ತಿರುಗಿದವನು. ಅಂಥವನು ಬರೆಸಿದ ಒಂದು ಸುಳ್ಳು ಈ ಶಾಲೆಯ ಪುಸ್ತಕದಲ್ಲಿ ಇಷ್ಟು ವರ್ಷ ಕೂತಿದೆ. ಹೋದ ತಿಂಗಳು ಮುಖ್ಯೋಪಾಧ್ಯಾಯರನ್ನು ಕಂಡು, ಅದನ್ನು ತಿದ್ದಬಹುದೇ ಎಂದು ಕೇಳಿದೆ. ಅವರು ನಗಲಿಲ್ಲ. "ದಾಖಲಾತಿ ಪುಸ್ತಕವನ್ನು ಹಾಗೆಲ್ಲ ತಿದ್ದುವ ಹಾಗಿಲ್ಲ, ಆದರೆ ನೆನಪಿನ ಸಂಚಿಕೆಯಲ್ಲಿ ಬರೆಯಬಹುದು" ಎಂದರು. ಅವರು ಹೇಳಿದ್ದು ಸರಿ. ತಗಡಿನ ತೇಪೆಯೂ ಹಾಗೆಯೇ. ಹಳೆಯದನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸ ರಿವೆಟ್ಟು ಹೊಡೆಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಅಚ್ಚಾಗಲಿ: ನನ್ನ ತಂದೆಯ ಉದ್ಯೋಗ ಹಮಾಲಿ. ತಾಳಗುಪ್ಪದ ಗೂಡ್ಸ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೂಟೆ ಹೊತ್ತು ನನ್ನನ್ನು ಇಲ್ಲಿ ಓದಿಸಿದರು.

ಈ ಡಬ್ಬಿಯನ್ನು ಇವತ್ತು ಶಾಲೆಗೆ ಕೊಡುತ್ತಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಕ್ಕಳು ಕದ ತೆರೆದು ಮುಚ್ಚಲಿ. ಮುರಿದರೆ ನಾನೇ ಬಂದು ಸರಿಮಾಡುತ್ತೇನೆ. ಬಾಗಿಲ ಪಕ್ಕ ಒಂದು ಆಳು ನಿಂತಿದೆ, ಆರೂವರೆ ಸೆಂಟಿಮೀಟರ್ ಎತ್ತರ, ಹೆಗಲ ಮೇಲೆ ಮೂಟೆ. ಎಡಗೈ ಕಿರುಬೆರಳು ಅಷ್ಟು ಚಿಕ್ಕದಾಗಿ ಸೊಟ್ಟ ಮಾಡಲು ನನಗೆ ಬರಲಿಲ್ಲ.

ಡಬ್ಬಿಯ ಪಕ್ಕದಲ್ಲಿ ಎಂ, ಸಿ ಎಂದು ಬರೆದಿದ್ದೇನೆ. ಅದರ ಕೆಳಗೆ ನಂಬರು ಬರೆಯಬೇಕಾದ ಜಾಗ ಖಾಲಿ ಬಿಟ್ಟಿದ್ದೇನೆ. ಅಪ್ಪ ತುಂಬಿದ ಯಾವ ಡಬ್ಬಿಯ ನಂಬರೂ ನನಗೆ ಸಿಕ್ಕಿಲ್ಲ. ಏನೋ ಒಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಿಳಿಯದ ಜಾಗದಲ್ಲಿ ಏನೋ ಒಂದು ಬರೆಸುವ ಕೆಲಸ ನಾನು ಒಮ್ಮೆ ಮಾಡಿದ್ದು ಸಾಕು.

ಮಕ್ಕಳೆ, ನಿಮಗೆ ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜಿ ಅಡಿಕೆ ಸುಲಿದ ಮೆಟ್ಟುಗತ್ತಿ ಇರಬಹುದು, ಭತ್ತ ಅಳೆದ ಕೊಳಗ ಇರಬಹುದು, ಆಲೆಮನೆಯ ಗಾಣದ ಒಂದು ತುಂಡು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರಬಹುದು. ಗುಜರಿಯವನು ಬರುವ ಮೊದಲು ಅದನ್ನು ಅಳೆಯಿರಿ. ಉದ್ದ, ಅಗಲ, ಎಲ್ಲಿ ಸವೆದಿದೆ, ಎಲ್ಲಿ ತೇಪೆ ಹಾಕಿದ್ದಾರೆ, ಎಲ್ಲ ಬರೆದಿಡಿ. ಆಮೇಲೆ ಅದನ್ನು ಬಳಸಿದವರ ಹತ್ತಿರ ಹೋಗಿ ಕೂತು, ಅವರ ಕೈ ನೋಡಿ. ಕೈಯಲ್ಲಿ ಒಂದು ಗಾಯದ ಗುರುತು ಇದ್ದರೆ, ಅದು ಹೇಗಾಯಿತು ಎಂದು ಕೇಳಿ. ನಾನು ಕೇಳಿದ್ದು ತಡವಾಯಿತು. ಆದರೂ ಕೇಳಿದೆ ಎಂಬುದು ಈಗ ನನಗೆ ಸಮಾಧಾನ.